ಮೋಡಸೀಮೆಯ ಮೀನುಗಳು

ಈ ಅಪ್ಪ-ಮಗಳ ಕಥೆ ಕೇಳಿದ ಮೇಲೆ ಯಾಕೋ ಸುಮ್ಮನಿರಲು ಆಗಲಿಲ್ಲ...

ಭಟ್ಕಳದ ದಾಮೋದರ ಮೊಗೇರ ಮೇಷ್ಟ್ರು ಕಾಲೇಜಿನಲ್ಲಿ ಮೀನುಗಳ ಬಗ್ಗೆ ಪಾಠ ಮಾಡುತ್ತಿದ್ದರು.

ಹನ್ನೊಂದು ವರ್ಷದ ಮಗಳು ಪ್ರಣತಿ ನೋಟ್‌ಬುಕ್‌ನಲ್ಲಿ ಒಂದು ಲೋಕವನ್ನೇ ಕಟ್ಟಿದ್ದಳು. ಹೆಸರು ಮೋಡಸೀಮೆ. ಅಲ್ಲಿ ಮೀನುಗಳು ಮೋಡದಲ್ಲಿ ಈಜುತ್ತಿದ್ದವು...

ಅವಳು ಆಸೆಯಿಂದ ನೋಟ್‌ಬುಕ್ ತಂದುಕೊಟ್ಟಳು. ಮೇಷ್ಟ್ರು ಒಂದು ಪುಟ ಓದಿ ಅಂಚಿನಲ್ಲಿ ಬರೆದರು. "ತಪ್ಪು. ಗಾಳಿಯಲ್ಲಿ ಕಿವಿರು ಅಂಟಿಕೊಂಡು ಮೀನು ಸಾಯುತ್ತದೆ."

ಅವಳು ಆ ಸಾಲು ಓದಿದಳು. ನೋಟ್‌ಬುಕ್ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್... ಆಸ್ಪತ್ರೆಯಲ್ಲಿ ಹೆಂಡತಿ ಸುಮಿತ್ರಾ ಮೆಲ್ಲಗೆ ಹೇಳಿದರು, "ನೀವು ತಪ್ಪು ಅಂದ ದಿನದಿಂದ ಅವಳು ಒಂದು ಸಾಲೂ ಬರೆದಿಲ್ಲ."

ಮೇಷ್ಟ್ರು ಕಾಲೇಜಿಗೆ ರಜೆ ಹಾಕಿ ಮಗಳ ಬೆಡ್ ಪಕ್ಕ ಕೂತರು.

"ಪ್ರಣತಿ, ಕೆಸರಲ್ಲಿ ಬದುಕೋ ಮುರುಗೋಡು ಮೀನು ಗಾಳಿಯನ್ನೂ ಉಸಿರಾಡುತ್ತೆ. ನಿನ್ನ ಮೋಡದ ಮೀನುಗಳು ಅದರ ವಂಶದವು ಅಂದ್ರೆ?"

ಎಷ್ಟೋ ದಿನಗಳ ನಂತರ ಅವಳು ನಕ್ಕಳು.

ಅಲ್ಲಿಂದ ದಿನವೂ ಅವಳು ಕೇಳುವಳು, ಅಪ್ಪ ಹೇಳಿ ಬರೆದುಕೊಳ್ಳುವರು. ಮೊಟ್ಟೆ ಕಾಯುವ ಗಂಡು ಮೀನು, ಬಾಯಲ್ಲೇ ಮರಿ ಸಾಕುವ ತಾಯಿ ಮೀನು... ಎಲ್ಲವೂ ಮೋಡಸೀಮೆಗೆ ಬಂದವು.

ಒಂದು ಮಧ್ಯಾಹ್ನ ಕೇಳಿದಳು, "ನದಿಯ ಹಾವುಮೀನು ವಯಸ್ಸಾದಾಗ ಎಲ್ಲಿಗೆ ಹೋಗುತ್ತೆ?"

"ಸಮುದ್ರಕ್ಕೆ. ತುಂಬಾ ದೂರ."

"ವಾಪಸ್ ಬರುತ್ತಾ?"

ಮೇಷ್ಟ್ರ ಪೆನ್ನು ನಿಂತಿತು... "ನಿನ್ನ ಲೋಕದಲ್ಲಿ ಬರುತ್ತೆ ಕಂದ. ಹಾಗೇ ಬರೀತೀನಿ."

"ಬೇಡ ಅಪ್ಪ. ಇದ್ದದ್ದನ್ನೇ ಬರೀರಿ."

ಅಪ್ಪನ ಪೆನ್ನನ್ನೇ ನೋಡುತ್ತಾ ಹೇಳಿದಳು... "ಆದ್ರೆ ಹೊರಡುವಾಗ ಜೊತೆಗೆ ಅದರ ಅಪ್ಪ ಇದ್ದ ಅಂತ ಬರೀರಿ."

ಮೇಷ್ಟ್ರು ಅದನ್ನೇ ಬರೆದರು.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಪ್ರಣತಿ ಹೋದಳು. ಅವಳ ಕೈ ಅಪ್ಪನ ಕೈಯಲ್ಲೇ ಇತ್ತು...

ಮೇಷ್ಟ್ರು ಈಗಲೂ ಪಾಠ ಮಾಡುತ್ತಾರೆ. ಹಾವುಮೀನಿನ ಪಾಠ ಬಂದಾಗ ಮಾತ್ರ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, "ನೀವೇ ಓದಿ" ಅಂತ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ.

*ಮಕ್ಕಳ ಕನಸನ್ನು ತಿದ್ದುವ ಮೊದಲು, ಒಮ್ಮೆ ಅದರೊಳಗೆ ಹೋಗಿ ಕೂತು ನೋಡಿ.*

ನಿಮ್ಮ ಮನೆಯಲ್ಲಿ ಯಾರಾದರೂ ಏನನ್ನೋ ತೋರಿಸಲು ಬಂದು, ಮಾತಿಲ್ಲದೆ ಒಳಗೆ ಹೋದದ್ದು ನಿಮಗೆ ನೆನಪಿದೆಯೇ?