ರೆಕ್ಕೆ ಚಾಚಿದ ದೇವಿ

ಒದ್ದೆ ಸಿಮೆಂಟಿನ ವಾಸನೆ ಬಂದರೆ ಈಗಲೂ ಏನೋ ತಪ್ಪು ಮಾಡಿದವನಂತೆ ಸುತ್ತ ನೋಡುತ್ತೇನೆ.

ನಾನು ಚಿಕ್ಕವನಿದ್ದಾಗ ಶಿಕಾಗೋದ ಮ್ಯೂಸಿಯಮ್ಮಿನಲ್ಲಿ, ಈಜಿಪ್ಟಿನ ಬಣ್ಣದ ಪೆಟ್ಟಿಗೆಯ ಮೇಲೆ ರೆಕ್ಕೆ ಚಾಚಿದ್ದ ದೇವಿಗೆ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದ ಅಜ್ಜಿ ಕೈಮುಗಿದಿದ್ದಳು. ಒಳಗಿರುವುದು ಯಾರೋ ಹೆಂಗಸಿನ ಹೆಣವೆಂದು ಕಾರಿನಲ್ಲಿ ನಾನೇ ಬಾಯಿಬಿಟ್ಟೆ. ಡೆಸ್ ಪ್ಲೇನ್ಸಿನ ನಮ್ಮ ಮನೆ ತಲುಪಿದರೂ ಅಜ್ಜಿ ಸ್ನಾನ ಮಾಡದೆ ಒಳಗೆ ಬರಲೊಲ್ಲಳು. ಜನವರಿ ಚಳಿ. ಅಪ್ಪ ಗ್ಯಾರೇಜಿಗೆ ಬಕೆಟ್ಟಿನಲ್ಲಿ ಬಿಸಿನೀರು ತಂದ. ಅಜ್ಜಿ ಅಲ್ಲಿನ ಸಿಮೆಂಟು ನೆಲದ ಮೇಲೆ ನಿಂತು ಸೀರೆಯುಟ್ಟೇ ತಲೆಗೆ ಸುರಿದುಕೊಂಡಳು. ನ್ಯುಮೋನಿಯಾ ಆದರೆ ಅದೂ ನನ್ನ ಲೆಕ್ಕಕ್ಕೇ ಎಂದು ಹೆದರಿದೆ.

"ಅವ್ವಾ, ಅದು ಸಾವಿರಾರು ವರ್ಷದ ಹೆಣ. ಇನ್ನೆಂಥಾ ಮೈಲಿಗಿ?"

"ಇಷ್ಟ ವರ್ಷ ಆದ್ರೂ ಅಕೀನ್ನ ಊರಿಗೆ ಕಳಸವಲ್ರಲ್ಲೋ!"

ಹೋಗಬೇಡವೆಂದು ನಾನು ಅತ್ತಿದ್ದಕ್ಕೆ ಅಜ್ಜಿ ಊರಿಗೆ ಮರಳುವ ಟಿಕೆಟ್ಟನ್ನು ಎರಡು ಸಲ ಮುಂದೂಡಿದ್ದ ಅಪ್ಪ ನನ್ನ ಮುಖ ನೋಡಿದ. ನಾನು ಬಕೆಟ್ಟಿನೊಳಗೆ ನೋಡಿದೆ.