ಇಂದುಮತಿಯ ರಸ್ತೆ

ಐವತ್ತರ ವಯಸ್ಸಿನಲ್ಲಿ ಇಂದುಮತಿ ಕಬ್ಬೂರ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಿಡಿಯೊ ಗೇಮ್ ಮಾಡುವ ಕೋರ್ಸಿಗೆ ಸೇರಿದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಜೈಲುಗಳನ್ನು ಮುಚ್ಚಿದ ಮೇಲೆ ಅಪರಾಧಿಗಳು ಗೇಮಿನೊಳಗೇ ಶಿಕ್ಷೆ ಅನುಭವಿಸುತ್ತಿದ್ದರು. ಆ ಗೇಮನ್ನು ಕಟ್ಟುವ ಹಕ್ಕು ನೊಂದವರದು. ತರಗತಿಯ ತುಂಬ ಅಂಥವರೇ ಇದ್ದರು.

ಇಂದುಮತಿಯ ಮಗಳು ಪಲ್ಲವಿಗೆ ಅಜಿತ ಎಂಬವನು ಕಾರು ಗುದ್ದಿಸಿ, ಒಮ್ಮೆ ಇಳಿದು ನೋಡಿ, ಹಾಗೇ ಹೊರಟುಹೋಗಿದ್ದ. ಬೇರೆ ಗಾಡಿಗಳೂ ನಿಲ್ಲಲಿಲ್ಲ; ಅವಳು ಬೈಪಾಸಿನಲ್ಲಿ ಬಿದ್ದಲ್ಲೇ ನರಳಿ ನರಳಿ ಸತ್ತಳು.

"ಮೊದಲನೇ ಪಾಠ ಸಣ್ಣದೈತಿ. ಒಂದ ರಸ್ತೆ ಮಾಡ್ರಿ, ಅದರ ಮ್ಯಾಲೆ ಗಾಡಿ ಓಡಸ್ರಿ," ಎಂದರು ಜಂಬಗಿ ಸರ್.

ಇಂದುಮತಿ ಬೈಪಾಸನ್ನೇ ಮಾಡಿದಳು. ನಡುವೆ ಅಜಿತನನ್ನು ಕಾಲು ಮುರಿದು ಮಲಗಿಸಿದಳು. ಗಾಡಿಗಳು ಅವನ ಪಕ್ಕದಲ್ಲೇ ಸಾಗುತ್ತಿದ್ದವು, ಯಾವುದೂ ನಿಲ್ಲುತ್ತಿರಲಿಲ್ಲ.

"ಗೇಮ್ ಮಾಡಿದವರ ತಾವ ಮೊದಲ ಆಡಬೇಕ್ರಿ ಅಕ್ಕಾರ, ಅದು ಕಾನೂನು," ಎಂದು ಸರ್ ಅವಳ ತಲೆಗೆ ಹೆಲ್ಮೆಟ್ ತೊಡಿಸಿದರು.

ಅವಳು ತಾನು ಮಾಡಿದ ರಸ್ತೆಯಲ್ಲಿ, ಅಜಿತನ ಜಾಗದಲ್ಲಿ, ತಾನೇ ಬಿದ್ದುಕೊಂಡಳು. ಕೈಯೆತ್ತಿ ಕೂಗಿದಳು. ಟೈರುಗಳು ಕಿವಿಯ ಪಕ್ಕದಲ್ಲೇ ಹಾದುಹೋದವು. ಹೆಲ್ಮೆಟ್ ತೆಗೆದಾಗ ಅವಳ ಮುಖವೆಲ್ಲ ಒದ್ದೆಯಾಗಿತ್ತು.

ಸರ್ ಮೆಲ್ಲಗೆ ಕೇಳಿದರು: "ಭಾಳ ಮಂದಿ ಇಲ್ಲೇ ಮನಸ್ಸು ಬದಲಸ್ತಾರ. ಈ ರಸ್ತೆ ಅಳಿಸಿಬಿಡ್ಲೇನ್ರಿ?"

"ಬ್ಯಾಡ್ರಿ." ಇಂದುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಲ್ಲೆ ನೀರಡಿಕಿ ಆಗೂದಿಲ್ರಿ ಸರ. ನನ್ನ ಮಗಳು ನೀರು ನೀರು ಅಂತ ಸತ್ತಾಳ. ಅದನ್ನ ಹೆಂಗ ಹಾಕೂದು, ಕಲಸ್ರಿ."