ಮಧ್ಯದ ಮೂರು ಸಾಲು

ಅಲಮೇಲು ಹತ್ತಿದ ಜಟಕಾ ಮೂಲೆ ತಿರುಗಿತೋ ಇಲ್ಲವೋ, ವಾರಿಜಾ ಓರಗಿತ್ತಿಯ ಟ್ರಂಕಿನ ಮುಚ್ಚಳ ಎತ್ತಿಯೇಬಿಟ್ಟಳು. ಮೇಲೆಯೇ ಇತ್ತು ಕೌದಿ. ಅದನ್ನು ಕಂಡು ಅವಳ ಹೊಟ್ಟೆಯಲ್ಲಿ ಎದ್ದ ಉರಿಯ ಮೇಲೆ ಒಂದು ಹಂಡೆ ಇಟ್ಟಿದ್ದರೆ ಜಯನಗರದ ನಾಲ್ಕನೇ ಬ್ಲಾಕಿನವರೆಲ್ಲ ಅಂದು ಎಣ್ಣೆನೀರು ಹಾಕಿಕೊಳ್ಳಬಹುದಿತ್ತು. ಆಗ ಆ ಬ್ಲಾಕಿನಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚಿತ್ತಲ್ಲ ಎನ್ನಬೇಡಿ, ಉರಿ ದೊಡ್ಡದು.

ನಾದಿನಿ ವಿಮಲಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಶುಕ್ರವಾರ ಮಗುವನ್ನು ತೊಟ್ಟಿಲಿಗೆ ಹಾಕುವುದು. ತೊಟ್ಟಿಲಿಗೆ ಬೇಕಾದದ್ದು ಒಂದು ಕೌದಿ, ಹೊಲಿದ ಸೊಸೆಯರು ಇಬ್ಬರು. ಅತ್ತೆ ಆಗಲೇ ತೀರ್ಪು ಬರೆದಿಟ್ಟಂತೆ ಹೇಳಿದ್ದರು: "ನುಣುಪಾಗಿರೋದು ಮಗೂಗೆ. ಇನ್ನೊಂದು ಇಸ್ತ್ರಿ ಮಾಡೋವಾಗ ಕೆಳಗೆ ಹಾಸ್ಕೊಳ್ಳೋಕೆ."

ವಾರಿಜಾ ತನ್ನದನ್ನು ಹೊಲಿದದ್ದು ನಾಲ್ಕು ಮಕ್ಕಳ ಜಡೆ, ಊಟದ ಡಬ್ಬಿ, ಅತ್ತೆಯ ಕಾಫಿಗಳ ಸಂದಿಯಲ್ಲಿ. ಒಗ್ಗರಣೆ ಸಿಡಿಯುವಷ್ಟರಲ್ಲಿ ನಾಲ್ಕು ಹೊಲಿಗೆ, ಹಾಲು ಕಾಯುವಷ್ಟರಲ್ಲಿ ಒಂಬತ್ತು. ಯಾರೋ ಕೂಗುವರು, ದಾರಕ್ಕೆ ಗಂಟು ಹಾಕಿ ಏಳಬೇಕು. ಅಲಮೇಲುವಿಗೇನು? ಗಂಡ ರೈಲ್ವೆಯವನು. ಪಾಸು ಹಿಡಿದು ತಿಂಗಳಿಗೆ ಮೂವತ್ತೆರಡು ಸಲ ಊರು ಸುತ್ತುವಳು, ಕಿಟಕಿ ಪಕ್ಕ ಕೂತು ಹೊಲಿಯುವಳು. ಹುಬ್ಬಳ್ಳಿ ಅತ್ತಿಗೆಯ ಸೀರೆ, ಮದರಾಸಿನ ಅಜ್ಜಿಯ ಸೀರೆ ಎಂದು ಅವಳ ಕೌದಿಯಲ್ಲಿ ಅರ್ಧ ಇಂಡಿಯಾವೇ ಇತ್ತು. ಬಂದವರಿಗೆಲ್ಲ ಅತ್ತೆ ಬಿಡಿಸಿ ತೋರಿಸುತ್ತಿದ್ದುದು ಅದನ್ನೇ. "ನಂದೂ ತೋರಿಸೀಮ್ಮಾ" ಎಂದು ವಾರಿಜಾ ಒಮ್ಮೆ ಬಾಯಿಬಿಟ್ಟಿದ್ದಕ್ಕೆ, "ನಿಂದು ಎಲ್ಲಿಗೆ ಹೋಗ್ಬಂದಿದ್ಯೇ? ಅಡುಗೆಮನೆಯಿಂದ ನಡುಮನೆಗೆ!" ಅಂದಿದ್ದರು.

ಈಗ ಅಲಮೇಲು ಗಂಡನ ಜೊತೆ ತಿಪಟೂರಿಗೆ, ಯಾರದೋ ಮದುವೆಗೆ ಹೊರಟಿದ್ದಳು. ಮುಗಿದ ಕೌದಿಗೆ ಇಂಜಿನ್ನಿನ ಮಸಿ ಹತ್ತೀತೆಂದು ಮನೆಯಲ್ಲೇ ಬಿಟ್ಟಿದ್ದಳು. ಬರುವುದು ಶುಕ್ರವಾರ ಬೆಳಿಗ್ಗೆ.

ವಾರಿಜಳ ಉಪಾಯ ಸಣ್ಣದು. ಮಧ್ಯದಲ್ಲಿ, ಸರಿಯಾಗಿ ಮಗುವಿನ ಬೆನ್ನು ಬರುವ ಕಡೆ, ಮೂರು ಸಾಲು ಬಿಚ್ಚುವುದು. ಮೆಣಸಿನಕಾಳಿನಂಥ ಗಂಟು ಹಾಕಿ ಸೊಟ್ಟಸೊಟ್ಟಗೆ ಹೊಲಿದಿಡುವುದು. ನೆಟ್ಟಗೆ ನೋಡಿದರೆ ಎಲ್ಲಿ ಮೆಚ್ಚಿಬಿಡುತ್ತೇನೋ ಎಂಬ ಭಯಕ್ಕೆ ಮುಖ ತಿರುಗಿಸಿಕೊಂಡೇ ಬ್ಲೇಡು ಆಡಿಸಿದಳು.

ಬಿಚ್ಚಿದ್ದೇನೋ ಆಯಿತು. ಸೊಟ್ಟಗೆ ಹೊಲಿಯಬೇಕಲ್ಲ! ಮೊದಲ ಹೊಲಿಗೆ ನೂಲು ಹಿಡಿದ ಹಾಗೆ ಬಂತು. ಹಲ್ಲು ಕಚ್ಚಿ ಎರಡನೆಯದನ್ನು ಬೇಕೆಂದೇ ಓರೆ ಮಾಡಿದಳು. ಅದು ಅವಳನ್ನೇ ದುರುಗುಟ್ಟಿ ನೋಡಿತು. ಬಿಚ್ಚಿದಳು. ಊರಿನವರ ಮಾತನ್ನೆಲ್ಲ ಕೇಳುವ ವಾರಿಜಳ ಕೈ, ಸೂಜಿ ಹಿಡಿದರೆ ವಾರಿಜಳ ಮಾತನ್ನೇ ಕೇಳದು. ಮಕ್ಕಳು ಸ್ಕೂಲಿನಿಂದ ಬಂದು ಕಿರುಚಿದವು. ಹಾಲು ಉಕ್ಕಿ ತಿಲಕ್ ನಗರದವರೆಗೆ ಹರಿಯಿತು. ಅತ್ತೆ ಕಾಫಿಗೆ ನೂರಾ ಎಂಟು ಸಲ ಕೂಗಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ವಾರಿಜಾ ಕೂತಲ್ಲಿಂದ ಏಳಲಿಲ್ಲ. ಮೂರು ಸಾಲು ಮುಗಿದಾಗ ಅಲ್ಲಿ ಓಡುವ ಇರುವೆಯ ಕಾಲು ಕೂಡ ಜಾರುವಂತಿತ್ತು.

ಶುಕ್ರವಾರ ಅತ್ತೆ ಎರಡು ಕೌದಿಯನ್ನೂ ಮಂಚದ ಮೇಲೆ ಹಾಸಿ, ಕನ್ನಡಕ ತೆಗೆದಿಟ್ಟರು.

"ಇದೇನಮ್ಮಾ, ಕನ್ನಡಕ ಬೇಡ್ವಾ?" ಎಂದಳು ವಿಮಲಾ.

"ಮಗೂ ಬೆನ್ನಿಗೆ ಕಣ್ಣಿದ್ಯೇನೇ? ಬೆರಳಿಗೆ ಒತ್ತಿದ್ದು ಬೆನ್ನಿಗೂ ಒತ್ತುತ್ತೆ."

ಹೆಬ್ಬೆರಳು ಮೊದಲು ವಾರಿಜಳ ಕೌದಿಯ ಮೇಲೆ ನಡೆಯಿತು. "ಚೆನ್ನಾಗಿದೆ. ಆದ್ರೆ ಗೇಣಿಗೊಂದು ಗಂಟು ಕಣೇ." ಆಮೇಲೆ ಅಲಮೇಲುವಿನದು. ಆಗ ತಾನೇ ಬಂದಿಳಿದಿದ್ದ ಅಲಮೇಲು ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೆರಳು ಮಧ್ಯಕ್ಕೆ ಬಂದು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು.

"ವಾರಿಜಾ, ಬಾ ಇಲ್ಲಿ, ಮುಟ್ಟಿ ನೋಡು. ಬೆಣ್ಣೆ! ಓಡೋ ರೈಲಲ್ಲಿ ಹೊಲಿದಿರೋದು ಇದು. ಮನೇಲಿ ಕೂತೋರು ಕಲೀಬೇಕು."

ವಾರಿಜಾ ಮುಟ್ಟಿ ನೋಡಿದಳು. ಬಾಯಿ ಬಿಟ್ಟರೆ ಕಳ್ಳಿ, ಬಿಡದಿದ್ದರೆ ದಡ್ಡಿ. ಭೂಮಿ ಹುಟ್ಟಿದ ಮೇಲೆ ತನ್ನ ಕೈಯ ಹೊಲಿಗೆಯ ಮೇಲೆ ತಾನೇ ಅಷ್ಟು ಹೊಟ್ಟೆಕಿಚ್ಚುಪಟ್ಟವಳು ಇನ್ನೊಬ್ಬಳಿರಲಾರಳು. ತನ್ನ ಕೌದಿ ಇಸ್ತ್ರಿ ಮೇಜಿಗೆ ಹೋಗುವುದನ್ನು ನೋಡಲಾರದೆ ಅಡುಗೆಮನೆಗೆ ಹೋಗಿ ಸಜ್ಜಿಗೆ ಕೆದಕತೊಡಗಿದಳು.

ಹಿಂದೆಯೇ ಅಲಮೇಲು ಬಂದಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಕ್ಕಾ, ನಾನು ಆ ಮಧ್ಯದ ಮೂರು ಸಾಲು ಹೊಲಿದಿದ್ದು ಹೋದ್ಸಲ ಹುಬ್ಬಳ್ಳಿಗೆ ಹೋಗೋವಾಗ, ಅರಸೀಕೆರೆ ದಾಟಿದ್ಮೇಲೆ. ರೈಲು ಕುಲುಕಿದ್ದಕ್ಕೆ ದಾರ ಸಿಕ್ಕಾಗಿ ಹುಣಿಸೆಬೀಜದಂಥ ಗಂಟು ಬಿದ್ದಿತ್ತು. ಬಿಚ್ಚೋಕೆ ಪುರುಸೊತ್ತಾಗಲಿಲ್ಲ. ಅಮ್ಮನ ಬೆರಳು ಅಲ್ಲಿಗೆ ಬಂದ್ರೆ ನಿಮ್ಮದೇ ಗೆಲ್ಲೋದು ಅಂತ ಮದುವೆಮನೇಲಿ ನಂಗೆ ಹೋಳಿಗೆ ಕೂಡ ಸೇರಲಿಲ್ಲ."

ವಾರಿಜಳ ಸೌಟು ನಿಂತಿತು. ತಳ ಹತ್ತುವ ವಾಸನೆ ಬಂತು.

"ಸೋಮವಾರ ಹುಬ್ಬಳ್ಳಿಗೆ ಹೋಗ್ತಿದೀವಿ. ನಮ್ಮಣ್ಣನ ಮಗೂಗೂ ಒಂದು ಶುರು ಮಾಡಿದೀನಿ, ಅದನ್ನ ಟ್ರಂಕಲ್ಲೇ ಬಿಟ್ಟುಹೋಗ್ತೀನಿ" ಎಂದಳು ಅಲಮೇಲು, ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಉಪ್ಪಿನ ಜಾಡಿಯ ಪಕ್ಕ ಇಡುತ್ತಾ. "ಮಕ್ಕಳ ಕೈಗೆ ಸಿಗಬಾರದು ನೋಡಿ, ಇನ್ಮೇಲೆ ಟ್ರಂಕಿಗೆ ಬೀಗ ಹಾಕ್ತೀನಿ. ಬೀಗದ ಕೈ ಇಲ್ಲೇ ಇರುತ್ತೆ, ಅಕ್ಕಾ."